ಲಿಲ್ಲಿಬಾಯಿ ಬಿಡದ ಸಾಲು

ಅಂಕಿ ಸಂಖ್ಯೆ ಎಸೆದು ಮಾತಾಡುವವರನ್ನು ಕಂಡರೆ ಲಿಲ್ಲಿಬಾಯಿಗೆ ಆಗುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ "ಯಾರು ಎಣಿಸಿದ್ದು?" ಎಂದರೆ ಎದುರಿನವರ ಬಾಯಿ ಕಟ್ಟಿತೆಂದೇ ತಿಳಿಯಿರಿ. ಮಂಗಳೂರಿನ ಕೆಥೋಲಿಕ್ ಹೆಂಗಸು. ಸ್ವೀಡನ್ನಿನ ವೆಸ್ಟೆರಾಸಿನಲ್ಲಿ ನಮ್ಮ ಮೇಲಿನ ಮನೆ. ವಾರವೆಲ್ಲ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸುವುದು, ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಓದುವುದು. ಅವರ ಒಂದೊಂದು ಸಾಲಿಗೂ ಜನ "ದೇವರೇ, ನಮ್ಮ ಮೊರೆ ಕೇಳು" ಎನ್ನಬೇಕು. ಆ ಓದೆಂದರೆ ಅವರಿಗೆ ಪ್ರಾಣ. ಶನಿವಾರ ನನ್ನನ್ನು ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ದೇವರು ದಿಂಡರ ಗೋಜಿಲ್ಲದ ನಾನು ಆಕಳಿಸುತ್ತಲೇ ಮೊರೆ ಇಡುತ್ತಿದ್ದೆ.

ಒಂದು ರಾಜ್ಯೋತ್ಸವದ ಊಟದಲ್ಲಿ ಪ್ರಸನ್ನ ಎಂಬ ಇಂಜಿನಿಯರು, ಮಾಟಗಾತಿಯರೆಂದು ಚರ್ಚು ಕೋಟಿ ಹೆಂಗಸರನ್ನು ಕೊಂದಿದೆ, ಇಂಟರ್ನೆಟ್ಟಿನಲ್ಲೇ ಇದೆ ಎಂದ. ಕನ್ನಡಕ ಹಣೆಗೇರಿತು. ಕೋಟಿ ಎಂಬುದು ಗಾಳಿಮಾತು, ಬಲ್ಲವರು ಹೇಳುವುದು ಹತ್ತಾರು ಸಾವಿರ ಎಂದರು ಲಿಲ್ಲಿಬಾಯಿ. ಹಾಗಾದರೆ ನಿಮ್ಮವರದೇನೂ ತಪ್ಪಿಲ್ಲ ಬಿಡಿ ಎಂದು ಅವನು ಕೆಣಕಿದ. ಯಾರೂ ಹೋಳಿಗೆ ಮುಟ್ಟಲಿಲ್ಲ.

"ಲೆಕ್ಕ ಕಡಿಮೆಯಾದ್ರೆ ಪಾಪ ಕಡಿಮೆ ಆಗ್ತದಾ ಮಾರಾಯಾ? ಒಬ್ಬಳನ್ನು ಕೊಂದ್ರೂ ಕೊಂದದ್ದೇ."

ಅದೇ ಮಾತನ್ನು ಪೂಜೆಯ ನಂತರ ಇಗರ್ಜಿಯ ಫೀಕಾದಲ್ಲಿ, ಅಂದರೆ ಕಾಫಿಕೂಟದಲ್ಲಿ, ಎತ್ತಿದರೆ, ಈ ದೇಶದಲ್ಲಿ ಕೊಂದದ್ದು ಲೂಥರನ ಕಡೆಯ ಪ್ರೊಟೆಸ್ಟಂಟರು, ನಾವಲ್ಲ ಎಂದು ಅಲ್ಲಿಯವರು ಕಾಫಿ ಹೀರಿದರಂತೆ. ಬೇರೆ ದೇಶಗಳಲ್ಲಿ ಕೊಂದವರು ಯಾರು ಎಂದು ಲಿಲ್ಲಿಬಾಯಿಗೆ ಮೈ ಉರಿಯಿತು. ಮುಂದಿನ ಭಾನುವಾರ ನನ್ನನ್ನೂ ಎಳೆದೊಯ್ದರು. ರೋಗಿಗಳಿಗಾಗಿ, ಸತ್ತವರಿಗಾಗಿ ಓದಿ, ಹಾಳೆಯಲ್ಲಿಲ್ಲದ ಒಂದು ಸಾಲು ಸೇರಿಸಿದರು: "ನಮ್ಮ ಧರ್ಮಸಭೆ ಕೊಂದ ಹೆಂಗಸರಿಗಾಗಿ."

ಯಾರೂ ಉತ್ತರಿಸಲಿಲ್ಲ. ಲಿಲ್ಲಿಬಾಯಿ ಕಾದರು. ಪಾದ್ರಿ ನೆಲ ನೋಡುತ್ತಿದ್ದರು. ನನಗೂ ಬಾಯಿ ಬರಲಿಲ್ಲ. ಕೊನೆಗೆ ಉತ್ತರವನ್ನೂ ತಾವೇ ಹೇಳಿಕೊಂಡು ಕೆಳಗಿಳಿದರು.

ಓದುವ ಕೆಲಸ ಹೋಯಿತು. ಕೆಲವು ವರ್ಷಗಳ ನಂತರ ಕ್ಯಾನ್ಸರ್ ಹಿಡಿದಾಗ, ಪಾದ್ರಿ ಪ್ರಸಾದ ಕೊಡಲು ಮನೆಗೆ ಬಂದು, ಆ ಸಾಲೊಂದು ಬಿಟ್ಟರೆ ಕ್ರಿಸ್‌ಮಸ್ಸಿಗೆ ನೀವೇ ಓದಿ ಎಂದರಂತೆ.

"ಆಗುದಿಲ್ಲ ಫಾದರ್ ಅಂದೆ," ಎಂದು ಹೇಳಿ ಲಿಲ್ಲಿಬಾಯಿ ಅತ್ತೇಬಿಟ್ಟರು. "ಓದ್ಲಿಕ್ಕೆ ನಂಗೆ ಎಷ್ಟು ಆಸೆ ಉಂಟು ಗೊತ್ತುಂಟಾ ಮಾರಾಯ್ತಿ?"

ಒಂದು ಸಾಲು ತಾನೆ, ನುಂಗಿಕೊಳ್ಳಬಾರದೇ ಎಂದು ನಾನೂ ರೇಗಿದೆ. ಅವರು ನುಂಗಲಿಲ್ಲ. ಕ್ರಿಸ್‌ಮಸ್ಸನ್ನೂ ಕಾಣಲಿಲ್ಲ.

ಅವರ ಅಂತ್ಯಕ್ರಿಯೆಯ ಪೂಜೆಯಲ್ಲಿ ಬೇರೊಬ್ಬಾಕೆ ಓದಿದಳು. ರೋಗಿಗಳಿಗಾಗಿ, ಲಿಲ್ಲಿಬಾಯಿಗಾಗಿ. ಹಾಳೆ ಮಡಚಿದಳು. ಹಿಂದಿನ ಬೆಂಚಿನಲ್ಲಿದ್ದ ನಾನು ಎದ್ದು ನಿಂತೆ. ಸ್ವೀಡಿಶ್ ಹೊರಡಲಿಲ್ಲ, ಬಂದದ್ದು ಕನ್ನಡ: "ನಮ್ಮ ಧರ್ಮಸಭೆ ಕೊಂದ ಹೆಂಗಸರಿಗಾಗಿ."

ಕನ್ನಡ ತಿಳಿಯದ ಜನ, ಲಿಲ್ಲಿಬಾಯಿಯ ಭಾಷೆಯಲ್ಲಿ ಅವರಿಗೇ ಏನೋ ಪ್ರಾರ್ಥನೆ ಎಂದುಕೊಂಡಿರಬೇಕು. ಪಾದ್ರಿಯೂ ಸೇರಿ ಇಡೀ ಇಗರ್ಜಿ, ರೂಢಿಯಂತೆ, ಗಟ್ಟಿಯಾಗಿ ಉತ್ತರಿಸಿತು: "ದೇವರೇ, ನಮ್ಮ ಮೊರೆ ಕೇಳು."