ಅಕ್ಕನ ಬ್ರೆಡ್ಡಿನ ಎತ್ತರ

2024ರ ಏಪ್ರಿಲ್ 21, ಭಾನುವಾರ. ಆಧಾರ: ಅಕ್ಕಲಕೋಟೆಯಲ್ಲಿರುವ ನನ್ನ ಅಕ್ಕನ ಅಡುಗೆಮನೆಯ ಮರಾಠಿ ಕ್ಯಾಲೆಂಡರ್. ಆ ದಿನದ ಚೌಕದಲ್ಲಿ ಅಕ್ಕನ ಸೊಸೆ ‘ಕುರಡಯಾ’ ಎಂದು ಬರೆದಿದ್ದಾಳೆ. ಮೂರು ದಿನ ನೆನೆಸಿದ ಗೋಧಿಯನ್ನು ಅರೆದು, ಹಿಂಡಿ, ಬಂದ ಹಾಲನ್ನು ಬೇಯಿಸಿ ಶಾವಿಗೆಯಂತೆ ಒತ್ತಿ ಒಣಗಿಸುವ ಈ ಕುರಡಗಿಯನ್ನು ಆ ಮನೆಯಲ್ಲಿ ಬೇಸಿಗೆಗೊಂದೇ ಸಲ ಮಾಡುವುದರಿಂದ ತಾರೀಖಿನ ಬಗ್ಗೆ ಸಂಶಯವಿಲ್ಲ. ಅಕ್ಕ ನನ್ನ ಬ್ರೆಡ್ಡನ್ನು ಮೊದಲ ಸಲ ತಿಂದದ್ದು ಅಂದೇ.

ಆ ಫೆಬ್ರವರಿಯಲ್ಲಿ ಅಕ್ಕನ ಉಳಿದ ಹಲ್ಲುಗಳನ್ನೆಲ್ಲ ಕಿತ್ತಿದ್ದರು. ಕಟ್ಟಿದ ಹಲ್ಲು ಕೂರಿಸಲು ಮೂರು ತಿಂಗಳು ಕಾಯಬೇಕೆಂದು ವೈದ್ಯರು ಹೇಳಿದರು. ಜೀವಮಾನವಿಡೀ ಜೋಳದ ಒಣಗಿದ ಕಟಕ ರೊಟ್ಟಿ ತಿಂದವಳು ಗಂಜಿಗೆ ಇಳಿದಳು. ಕೆಲವು ವಾರಗಳಲ್ಲಿ ಅದನ್ನೂ ಅರ್ಧ ಬಟ್ಟಲಿಗೆ ಬಿಡತೊಡಗಿದಳು. ಸೊಸೆ ಅವಳ ರವಿಕೆಗಳನ್ನು ಎರಡು ಸಲ ಹಿಡಿದು ಹೊಲಿಯಬೇಕಾಯಿತು. ಹಾಲಲ್ಲಿ ನೆನೆಸಿದ ರೊಟ್ಟಿ ರೋಗಿಷ್ಟರ ಊಟವೆಂದು ಅಕ್ಕನ ಮತ. ಬೇಕರಿಯ ಬ್ರೆಡ್ಡಿನ ವಾಸನೆ ಅವಳಿಗೆ ಆಗದು. ಸಂಶೋಧನೆಯಿಂದ ನಿವೃತ್ತಳಾಗಿ ಸೋಲಾಪುರದಲ್ಲಿದ್ದ ನಾನು ನವಿ ಪೇಠದಲ್ಲಿ ಬ್ರೆಡ್ ಮಾಡುವ ಯಂತ್ರ ಕೊಂಡು, ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಅಕ್ಕನ ಮನೆಗೆ ಬಂದು ಉಳಿದೆ. ಯಂತ್ರದ ರಸೀದಿ ಮಾರ್ಚ್ 19ರದು. ಬಸ್ಸಿನ ಟಿಕೆಟ್ಟು ಸಿಕ್ಕಿಲ್ಲ.

ವಾಗದರಿಯ ನಮ್ಮ ಹೊಲದ ಗೋಧಿಹಿಟ್ಟಿನಿಂದ ಮಾಡಿದ ಮೊದಲ ಬ್ರೆಡ್ಡಿನ ಎತ್ತರ ಎರಡು ಇಂಚು. ಅಕ್ಕ ಅದನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಗಲಿಲ್ಲ.

“ಇದ್ರಾಗ ಹಲ್ಲಿದ್ದವ್ರಿಗೂ ಕೆಲಸಿಲ್ಲ ತಂಗಿ,” ಎಂದಳು. “ಬಾಗಿಲಿಗಿ ಒತ್ತು ಕೊಡು. ಗಾಳಿಗಿ ಬಡಿಯೂದರೆ ತಪ್ಪತದ.”

ನಾನು ಒಂದು ನೋಟುಪುಸ್ತಕ ತೆರೆದೆ. ಕೃತಕವಾದುದೇನನ್ನೂ ಸೇರಿಸದೆ ಬ್ರೆಡ್ಡನ್ನು ಉಬ್ಬಿಸುವುದು ಉದ್ದೇಶ. ಯಂತ್ರದ ಕೈಪಿಡಿ ಉಗುರುಬೆಚ್ಚಗಿನ ನೀರು ಹಾಕಿರೆಂದಿತ್ತು. ಅದನ್ನು ಬರೆದವರು ತಂಪು ಸೀಮೆಯವರಿರಬೇಕು. ಅಕ್ಕಲಕೋಟೆಯ ನಲ್ಲಿಯಲ್ಲಿ ಆ ತಿಂಗಳು ಬೇರೆ ನೀರು ಬರುವುದಿಲ್ಲ. ಕಣಕ ಅವಸರದಿಂದ ಉಬ್ಬಿ, ಬೇಯುವ ಮೊದಲೇ ನಡುವೆ ಕುಸಿಯುತ್ತಿತ್ತು. ಮಡಿಕೆಯ ತಣ್ಣೀರು ಹಾಕಿದ ಮೇಲೆ ಕುಸಿತ ನಿಂತಿತು. ಯೀಸ್ಟಿಗೆ ಉಪ್ಪು ತಾಗದಂತೆ ಬೇರೆ ಮೂಲೆಯಲ್ಲಿ ಹಾಕಿದೆ, ಹಿಟ್ಟನ್ನು ಜರಡಿ ಹಿಡಿದು ತೌಡು ತೆಗೆದೆ, ಚಿಟಿಕೆ ಬೆಲ್ಲ ಸೇರಿಸಿದೆ. ಬಟಾಟೆ ಬೇಯಿಸಿದ ನೀರಿನಿಂದ ಕಾಲು ಇಂಚು ದೊರೆಯಿತು. ನಿಂಬೆರಸದ ಫಲಿತಾಂಶ ಅಸ್ಪಷ್ಟ. ಒಟ್ಟು ಮೂರೂಕಾಲು ಇಂಚಿಗೆ ಬಂದು ನಿಂತೆವು.

“ಅತ್ತಿ, ಮಾವಶಿ ಮತ್ತ ಅಳತಿ ಪಟ್ಟಿ ತಗೊಂಡಾರ್ರಿ,” ಎಂದು ಸೊಸೆ ಒಳಗಿನಿಂದ ನನ್ನ ಬಗ್ಗೆ ವರದಿ ಮಾಡುತ್ತಿದ್ದಳು. ಅಕ್ಕ ಬಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ಗಂಜಿಯ ಬಟ್ಟಲಿಗೆ ಮರಳುತ್ತಿದ್ದಳು.

ಏಪ್ರಿಲ್ 21ರ ಬೆಳಿಗ್ಗೆ ಸೊಸೆ ಹಿಂಡಿದ ಗೋಧಿಯ ಚರಟವನ್ನು, ಅಲ್ಲಿನವರ ಮಾತಿನಲ್ಲಿ ಚೋಥಾವನ್ನು, ಬಕೆಟ್ಟಿನಲ್ಲಿ ತುಂಬಿ ಪಕ್ಕದ ಮನೆಯ ಎಮ್ಮೆಗೆ ಕೊಡಲು ಹೊರಟಿದ್ದಳು. ನಾನು ಕೈ ಹಾಕಿ ನೋಡಿದೆ. ಹಾಲು ಹೋದ ಮೇಲೆ ಅದರಲ್ಲಿ ಉಳಿಯುವುದು ತೌಡು ಮತ್ತು ಗೋಧಿಯ ಅಂಟು. ಕಣಕದೊಳಗಿನ ಗಾಳಿಯನ್ನು ಹಿಡಿದಿಡುವುದು ಆ ಅಂಟೇ, ನಮ್ಮ ಹಿಟ್ಟಿನಲ್ಲಿ ಕಡಿಮೆಯಿದ್ದುದೂ ಅದೇ. ಬಕೆಟ್ಟನ್ನು ತಡೆದೆ. ನೀರಿನಲ್ಲಿ ಕಿವುಚಿ ಕಿವುಚಿ ತೌಡು ಕಳೆದಾಗ, ರಬ್ಬರಿನಂತೆ ಜಗ್ಗುವ ಒಂದು ಮುದ್ದೆ ಉಳಿಯಿತು. ಅದರಲ್ಲಿ ನಿಂಬೆಗಾತ್ರದಷ್ಟನ್ನು ಚೂರು ಚೂರಾಗಿ ಹರಿದು ಹಿಟ್ಟಿಗೆ ಸೇರಿಸಿದೆ.

ಎತ್ತರ ನಾಲ್ಕೂಮುಕ್ಕಾಲು ಇಂಚು. ಅಕ್ಕನ ಹೆಬ್ಬೆರಳು ಒಳಗೆ ಹೋಯಿತು, ಬ್ರೆಡ್ಡು ಮತ್ತೆ ಮೇಲೆದ್ದಿತು. ಅವಳು ಒಂದು ತುಂಡನ್ನು ಏನೂ ಹಚ್ಚದೆಯೇ ತಿಂದಳು. ಎರಡನೆಯದಕ್ಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೇಳಿದಳು. ಮೂರನೆಯದನ್ನು ತಿನ್ನುತ್ತ ನನ್ನ ಕಡೆ ನೋಡಿದಳು.

“ಅಂತೂ ಹೊಳೀತು ನಿನಗ.”

ಇದನ್ನು ನಾನು ಪ್ರಶಂಸೆಯೆಂದು ಗ್ರಹಿಸಿದೆ. ಬಕೆಟ್ಟನ್ನು ತಡೆದ ಕಥೆಯನ್ನು ಸೋಲಾಪುರದಲ್ಲಿ, ಮೈಂದರ್ಗಿಯ ಒಂದು ಮದುವೆಯಲ್ಲಿ, ಅಕ್ಕನ ಎದುರಿನಲ್ಲಿಯೂ ಹೇಳಿದ್ದೇನೆ. ಅವಳು ತಿದ್ದಿದ್ದಿಲ್ಲ. ಆ ವಿಚಾರ ನನ್ನದೇ ಎಂಬ ನೆನಪು ನನಗೆ ಸ್ಪಷ್ಟವಾಗಿದೆ.

ಈ ಬರಹಕ್ಕಾಗಿ ನೋಟುಪುಸ್ತಕವನ್ನು ಮತ್ತೆ ಪರಿಶೀಲಿಸಿದೆ. ಮಾರ್ಚ್ 30, ಶನಿವಾರದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಹೀಗಿದೆ: “ಎತ್ತರ ಎರಡೂಮುಕ್ಕಾಲು. ನೆರೆಮನೆಯಲ್ಲಿ ಇಂದು ಕುರಡಗಿ. ಅಲ್ಲಿಂದ ಚೋಥಾ ತರಿಸಿ, ತೊಳೆದು ಹಾಕು ಎಂದು ಅಕ್ಕನ ಸಲಹೆ. ಲಿಖಿತ ಆಧಾರವಿಲ್ಲ. ಪರಿಗಣಿಸಿಲ್ಲ. ಅಕ್ಕ ಗಂಜಿ ಕುಡಿದಳು.”

ಮಾರ್ಚ್ 30ರಿಂದ ಏಪ್ರಿಲ್ 21ಕ್ಕೆ ಇಪ್ಪತ್ತೆರಡು ದಿನ. ಕ್ಯಾಲೆಂಡರಿನಲ್ಲಿ ಎರಡು ಸಲ ಎಣಿಸಿದ್ದೇನೆ.