ಅವ್ವ ನೋಡಿದ ಕುದುರೆ ಸಿನಿಮಾ

ಎದುರು ಮನೆಯವರು ಮೇಲೊಂದು ಮಹಡಿ ಕಟ್ಟಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ನಮ್ಮ ಗೇಟಿನ ಬುಡಕ್ಕೇ ಒಂದು ಲೋಡು ಮರಳು ಸುರಿದು ಹೋದರು. ಈಗ ಎಲ್ಲರೂ ಕಲ್ಲು ಪುಡಿ ಮಾಡಿದ ಮರಳನ್ನೇ ಹಾಕಿಸುವುದು, ಅದಕ್ಕೆ ವಾಸನೆ ಇಲ್ಲ. ಇದು ಎಲ್ಲಿಂದ ತಂದರೋ, ಹೊಳೆಯ ಮರಳು. ಇನ್ನೂ ಒದ್ದೆಯಾಗಿತ್ತು. ಯಲಹಂಕದಂಥ ಕಡೆ ನಡುರಸ್ತೆಯಲ್ಲಿ ಎಪ್ಪತ್ತು ದಾಟಿದ ಹೆಂಗಸು ಮರಳಿನ ಗುಡ್ಡೆ ಮೇಲೆ ಕೂತರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂದು ನನಗೂ ಗೊತ್ತು. ಆದರೂ ಕೂತೆ. ಕೂತಿದ್ದು ಸಾಲದು ಅಂತ ಎರಡೂ ಕೈಯಲ್ಲಿ ಮರಳು ಬಳಿದು ಒಟ್ಟಿಕೊಂಡು ಇನ್ನೂ ಒಂದು ಗೇಣು ಎತ್ತರಕ್ಕೆ ಕೂತೆ.

ಕೆಲಸಕ್ಕೆ ಹೊರಟಿದ್ದ ಅಳಿಯ ನೋಡಿ ಗಾಡಿ ನಿಲ್ಲಿಸಿದ. ಬಿದ್ದಿರಾ ಎಂದು ಕೇಳಿದ. ಇಲ್ಲಪ್ಪ, ಕೂತಿದ್ದೀನಿ ಅಂದೆ. ಯಾಕೆ ಎಂದು ಕೇಳಲಿಲ್ಲ. ಒಳ್ಳೆಯವನು. ಉತ್ತರ ಉದ್ದವಾಗುತ್ತದೆ ಅನ್ನಿಸಿದರೆ ಪ್ರಶ್ನೆಯನ್ನೇ ಕೇಳುವುದಿಲ್ಲ. ನೀವು ಕೇಳಿದಿರಿ ಅಂದುಕೊಂಡು ಹೇಳುತ್ತೇನೆ.

ನಾನು ಹುಟ್ಟಿದ್ದು ಚಿಕ್ಕಜಾಲದಲ್ಲಿ. ಈಗ ವಿಮಾನ ಹತ್ತುವವರು ಫೋನು ನೋಡುತ್ತಲೇ ದಾಟಿಬಿಡುವ ಊರು. ಆಗ ಅಲ್ಲಿ ಬಸ್ಸಿಳಿದರೆ ಹುಣಸೆಮರ, ಮರದಿಂದ ಒಂದಷ್ಟು ದೂರಕ್ಕೆ ಬಯಲು, ಬಯಲಿನಲ್ಲಿ ಟೂರಿಂಗ್ ಟಾಕೀಸು. ನಾವು ಟೆಂಟು ಅನ್ನುತ್ತಿದ್ದೆವು. ಗಂಡಸರ ಕಡೆ, ಹೆಂಗಸರ ಕಡೆ ಎಂದು ನಡುವೆ ಸೊಂಟದ ಮಟ್ಟ ಒಂದು ಮಣ್ಣಿನ ಗೋಡೆ. ಹಿಂದೆ ನಾಲ್ಕು ಸಾಲು ಬೆಂಚು, ಮುಂದೆಲ್ಲ ಮರಳು. ಮರಳಲ್ಲಿ ಕೂರುವವರು ಮೊದಲು ಗುಡ್ಡೆ ಮಾಡಿಕೊಳ್ಳಬೇಕು. ಮುಂದಿನವಳು ಒಂದು ಗೇಣು ಎತ್ತರ ಕೂತರೆ ಹಿಂದಿನವಳು ಎರಡು ಗೇಣು ಒಟ್ಟಿಕೊಳ್ಳುತ್ತಾಳೆ. ಅವಳ ಹಿಂದಿನವಳು ಬೈಯುತ್ತಾಳೆ. ಇಂಟರ್‌ವಲ್ಲಿನ ಹೊತ್ತಿಗೆ ಹೆಂಗಸರ ಕಡೆಯಲ್ಲಿ ಬರೀ ಗುಡ್ಡ, ಬರೀ ಹಳ್ಳ. ಮೊಮ್ಮಗಳು ಸಿಂಧು ಒಂದು ಸಲ ಹೆಬ್ಬಾಳದ ಕಡೆ ಒಂದು ಮಾಲಿಗೆ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದಳು. ಒತ್ತಿದರೆ ಹಿಂದಕ್ಕೆ ಒರಗುವ ಕುರ್ಚಿ. ಚೆನ್ನಾಗಿ ನಿದ್ದೆ ಬಂತು, ದೂರುವಂಥದ್ದೇನಿಲ್ಲ. ಆದರೆ ಮುಂದಿನವಳ ತಲೆಗೆ ಬೈಯದೆ ನೋಡಿದ್ದು ನನಗೆ ಸಿನಿಮಾ ಅನ್ನಿಸಲಿಲ್ಲ.

ನಮ್ಮ ಮನೆಯವರು ಟೆಂಟಿಗೆ ಟಿಕೆಟ್ಟು ತೆಗೆಯಬೇಕಾಗಿರಲಿಲ್ಲ. ಬೆಂಗಳೂರಿಂದ ಬಸ್ಸಿನ ಟಾಪಿನಲ್ಲಿ ಸಿನಿಮಾದ ಪೆಟ್ಟಿಗೆ ಬರುತ್ತಿತ್ತು. ಅದನ್ನು ಇಳಿಸಿಕೊಂಡು ಸೈಕಲ್ಲಿಗೆ ಕಟ್ಟಿ ಟೆಂಟಿಗೆ ಮುಟ್ಟಿಸುವುದು ಅಪ್ಪನ ಕೆಲಸ. ಹಿಂದಿನಿಂದ ತಳ್ಳುವುದು ನನ್ನ ಕೆಲಸ. ಅದಕ್ಕೆ ಬದಲಾಗಿ ನಾವು ಎಷ್ಟು ಜನ ಬೇಕಾದರೂ ನೆಲದಲ್ಲಿ ಕೂರಬಹುದಿತ್ತು. ಎಷ್ಟು ಜನ ಅಂದರೆ, ಆ ವರ್ಷ ನಾನು ಮತ್ತು ಅಪ್ಪ. ಅವ್ವ ಬರುವುದನ್ನು ಬಿಟ್ಟಿದ್ದಳು.

ನನಗೊಬ್ಬ ಅಣ್ಣ ಇದ್ದ, ಮುನಿರಾಜು. ಹನ್ನೊಂದು ವರ್ಷ. ಹಿಂದಿನ ಬೇಸಿಗೆಯಲ್ಲಿ ಎಮ್ಮೆ ಮೈ ತೊಳೆಯಲು ಕೆರೆಗೆ ಹೋದವನು ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿಯೊಳಗೆ ಹೋಗಿಬಿಟ್ಟ. ಎಮ್ಮೆಗಳು ಮನೆಗೆ ಬಂದವು. ಅವನನ್ನು ಸಂಜೆ ಎತ್ತಿದರು. ಆಮೇಲೆ ಅವ್ವ ಕೆರೆ ಕಡೆ ಮುಖ ಹಾಕಲಿಲ್ಲ. ಬಟ್ಟೆ ಗಂಟನ್ನು ತಲೆ ಮೇಲೆ ಹೊತ್ತು ಊರನ್ನೆಲ್ಲ ಸುತ್ತಿ ಆಚೆ ತೋಟದ ಬಾವಿಗೆ ಹೋಗಿ ಒಗೆದು ತರುತ್ತಿದ್ದಳು. ಊಟವನ್ನು ನಿಂತೇ ಮಾಡುತ್ತಿದ್ದಳು. ಅಳುತ್ತಿರಲಿಲ್ಲ. ಮಾತೂ ಅಷ್ಟೇ, ಉಪ್ಪು ಎಲ್ಲಿದೆ ಅಂದರೆ ಅಲ್ಲಿದೆ.

ಆಗ ಬಂದದ್ದು ಕುದುರೆ ಸಿನಿಮಾ. ಅದಕ್ಕೊಂದು ಹೆಸರಿತ್ತು, ನಾವು ಯಾರೂ ಆ ಹೆಸರಲ್ಲಿ ಕರೆಯಲಿಲ್ಲ. ಒಂದು ಊರಿನ ದನಗಳನ್ನೆಲ್ಲ ಕಳ್ಳರು ಬೆಟ್ಟದಾಚೆಯ ಕೋಟೆಗೆ ಹೊಡೆದುಕೊಂಡು ಹೋಗುತ್ತಾರೆ. ಮೀಸೆ ಹೊತ್ತ ಗಂಡಸರೆಲ್ಲ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಒಬ್ಬ ಹುಡುಗ ಬಿಳಿ ಕುದುರೆ ಹತ್ತಿ ತಾಯಿಗೆ ಹೇಳದೆ ಹೊರಡುತ್ತಾನೆ. ಗುಹೆ ಇತ್ತು, ಹಗ್ಗದ ಸೇತುವೆ ಇತ್ತು, ಹೆಬ್ಬಾವು ಇತ್ತು. ಹೆಬ್ಬಾವು ರಬ್ಬರಿನದು ಎಂದು ಈಗ ನೋಡಿದರೆ ಗೊತ್ತಾಗುತ್ತದೆ, ಆಗ ನಾನು ಲಂಗದಲ್ಲಿ ಮುಖ ಮುಚ್ಚಿಕೊಂಡಿದ್ದೆ. ಆ ಸಿನಿಮಾ ಬಂದು ಹೋದ ಮೇಲೆ ಊರಿನ ಮಕ್ಕಳಿಗೆಲ್ಲ ಕುದುರೆಯ ಹುಚ್ಚು. ನಾನು ಬಟ್ಟೆ ಒಗೆಯುವ ಚೌಡಪ್ಪನ ಕತ್ತೆ ಹತ್ತಿದೆ. ಅದು ನನ್ನನ್ನು ನಾಲ್ಕು ಹೆಜ್ಜೆ ಹೊತ್ತು, ಕತ್ತಾಳೆ ಬೇಲಿ ಸಿಕ್ಕಿದ ಕೂಡಲೇ ಅಲ್ಲಿಗೆ ಇಳಿಸಿ ಮೇಯಲು ಹೋಯಿತು. ಮುಳ್ಳು ತೆಗೆದದ್ದು ಅವ್ವ. ತೆಗೆಯುತ್ತಾ ನಕ್ಕಳು. ಅವಳು ನಗುವಂತಾದದ್ದು ಹೇಗೆ ಎಂಬುದನ್ನು ಹೇಳಬೇಕಾದರೆ ಪೆಟ್ಟಿಗೆ ಬಿದ್ದ ವಿಷಯಕ್ಕೆ ಬರಬೇಕು.

ಪೆಟ್ಟಿಗೆ ಬಂದ ದಿನ ಹಿಂದಿನ ರಾತ್ರಿಯ ಮಳೆಗೆ ದಾರಿಯೆಲ್ಲ ಕೆಸರು. ಅಪ್ಪನ ಸೈಕಲ್ಲು ಜಾರಿತು. ಪೆಟ್ಟಿಗೆ ಬಿದ್ದು, ಬಾಯಿ ತೆರೆದು, ರೀಲು ಇಟ್ಟಿದ್ದ ತಗಡಿನ ಡಬ್ಬಗಳೆಲ್ಲ ಉರುಳಿಕೊಂಡು ಹೋದವು. ಟೆಂಟಿನ ಯಜಮಾನ ಕಂಡರೆ ಈ ಕೆಲಸ ಹೋಗುತ್ತದೆ, ಬೇಗ ಒರೆಸು ಎಂದು ಅಪ್ಪ ಹೇಳಿದ. ಒರೆಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕಾಲುವೆಯ ನೀರು ಮುಟ್ಟಿಸಿ, ಲಂಗದ ತುದಿಯಲ್ಲಿ ಉಜ್ಜಿ ಉಜ್ಜಿ ಕೆಸರು ತೆಗೆದೆ. ಮುಚ್ಚಳಗಳ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಗೀಚಿದ್ದರು. ಅದನ್ನೂ ತೆಗೆದೆ. ಅಪ್ಪ ಡಬ್ಬಗಳನ್ನು ತಿರುಗಿಸಿ ನೋಡಿ, ಕನ್ನಡಿ ಆದಂಗದೆ ಅಂದ. ನನಗೆ ಆಗ ಒಂದು ಎರಡು ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಅಪ್ಪನಿಗೆ ಕೊನೆಯವರೆಗೂ ಬರಲಿಲ್ಲ.

ಅವತ್ತೇ ಅಪ್ಪನಿಗೆ ಏನನ್ನಿಸಿತೋ, ಮಕ್ಕಳ ಸಿನಿಮಾ ಅಂತೆ ಬಾ ಎಂದು ಅವ್ವನನ್ನು ಕರೆದ. ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಬಂದಳು. ಗುಡ್ಡೆ ಮಾಡಿಕೊಳ್ಳದೆ ಹಳ್ಳದಲ್ಲೇ ಕೂತಳು. ನಾನೇ ಅವಳಿಗೂ ಮರಳು ಒಟ್ಟಿದೆ.

ಮೊದಲ ರೀಲಿನಲ್ಲಿ ಸಿನಿಮಾದ ಹೆಸರು ಬರುತ್ತದೆ, ಹಾಗಾಗಿ ಮಿಷಿನ್ನು ಓಡಿಸುವ ಆಪರೇಟರಿಗೆ ಅದು ಸಿಕ್ಕಿತು. ಹಳೇ ಪ್ರಿಂಟು, ಉಳಿದ ರೀಲುಗಳ ನಂಬರು ಇರುವ ತುದಿ ಯಾವತ್ತೋ ಹರಿದುಹೋಗಿತ್ತು. ಅವನ್ನು ಅಂದಾಜಿನ ಮೇಲೆ ಹಾಕಿದ. ಇಂಟರ್‌ವಲ್ಲು ಮುಗಿದು ಬಹಳ ಹೊತ್ತಿನ ಮೇಲೆ ಹೊಳೆ ಉಕ್ಕಿ ಬಂತು. ಹುಡುಗ ದನಗಳನ್ನೆಲ್ಲ ದಾಟಿಸಿದ. ಕೊನೆಯ ಕರುವಿಗೆ ಹಗ್ಗ ಕಟ್ಟುವಾಗ ಕೈ ತಪ್ಪಿ ನೀರಿನೊಳಗೆ ಹೋದ. ದಡದಲ್ಲಿ ಕುದುರೆ ಒಂದೇ ನಿಂತಿತ್ತು. ಪರದೆಯ ಮೇಲೆ ಏನೋ ದೊಡ್ಡ ಅಕ್ಷರ ಬಂತು. ಗಂಡಸರ ಕಡೆ ಓದಲು ಬರುವ ಒಂದಿಬ್ಬರು ಎದ್ದು ಟವೆಲ್ಲು ಕೊಡವಿದರು. ನಾನು ಅವ್ವನ ಕಡೆ ನೋಡಿದೆ. ಅವಳ ಕೈ ಮಣಿಕಟ್ಟಿನವರೆಗೆ ಮರಳಿನೊಳಗೆ ಹೋಗಿತ್ತು. ಗೋಡೆಯಾಚೆಯಿಂದ ಅಪ್ಪ, ಏಳು ಹೋಗೋಣ ಎಂದು ಸನ್ನೆ ಮಾಡುತ್ತಿದ್ದ.

ಅಷ್ಟರಲ್ಲಿ ಉಳಿದಿದ್ದ ಒಂದು ರೀಲನ್ನು ಆಪರೇಟರ್ ಹಾಕಿದ. ಕುದುರೆ ಓಡಿ ಬಂತು, ಅದರ ಮೇಲೆ ಹುಡುಗ. ಮನೆ ಬಾಗಿಲಲ್ಲಿ ಇಳಿದು ಅಮ್ಮಾ ಅಂದ. ತಾಯಿ ಬಂದು ತಬ್ಬಿಕೊಂಡಳು, ಕೂರಿಸಿ ಊಟ ಬಡಿಸಿದಳು. ಅವನು ತಟ್ಟೆ ಖಾಲಿ ಮಾಡಿ ಇನ್ನಷ್ಟು ಕೇಳಿದ. ದೀಪ ಹತ್ತಿತು. ಹೆಂಗಸರ ಕಡೆ ಯಾರೂ ತಪ್ಪು ಹುಡುಕಲಿಲ್ಲ. ಮೂಗು ಒರೆಸಿಕೊಂಡು ಮಕ್ಕಳನ್ನು ಎಬ್ಬಿಸಿದರು.

ಆ ರಾತ್ರಿ ಅವ್ವ ಕೂತು ಉಂಡಳು. ಅರ್ಧ ಮುದ್ದೆ ಮೇಲಕ್ಕೆ ಹಾಕಿಸಿಕೊಂಡಳು. "ಬಂದ್ಬುಟ್ಟ ನೋಡು," ಅಂದಳು. ಬೆಳಿಗ್ಗೆ ಬಟ್ಟೆ ಗಂಟು ಹೊತ್ತುಕೊಂಡು ನೇರ ಕೆರೆಗೆ ಹೋದಳು.

ಅವಳು ಅತ್ತ ಹೋಗುತ್ತಲೇ ಇತ್ತ ಆಪರೇಟರ್ ಬಂದ. ಪೆಟ್ಟಿಗೆ ಬೀಳಿಸಿದ್ದು, ಮುಚ್ಚಳಗಳ ಮೇಲಿನ ರೀಲಿನ ನಂಬರು ಅಳಿಸಿದ್ದು, ಎರಡೂ ಅವನಿಗೆ ಗೊತ್ತಾಗಿತ್ತು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ಎಲ್ಲವನ್ನೂ ಮತ್ತೆ ಜೋಡಿಸಿದ್ದನಂತೆ. ಯಜಮಾನನಿಗೆ ಹೇಳುವುದಿಲ್ಲ, ಆದರೆ ಇನ್ನೊಂದು ಸಲ ಮಾಡಿದರೆ ನೋಡು ಎಂದು ಬೈದ.

"ಕೊನೇಲಿ ಆ ಉಡುಗ ನೀರಲ್ಲಿ ಓಯ್ತಾನೆ ಕಣಯ್ಯ. ಮನೇಗ್ ಬಂದು ಉಣ್ಣೋದು ಅದುಕ್ ಮುಂಚೆ. ನೀನು ಅವನ್ನ ಬದುಕಿಸ್ಬುಟ್ಟೆ."

ಇವತ್ತಿನಿಂದ ಸರಿಯಾಗಿ ಓಡುತ್ತದೆ ಎಂದು ಹೇಳಿ ಹೋದ. ಅಪ್ಪ ಸೈಕಲ್ಲಿನ ಚೈನಿಗೆ ಹತ್ತಿದ್ದ ಕೆಸರು ಕೆರೆಯುತ್ತಾ, "ನಿಮ್ಮವ್ವಂಗೆ ಏಳ್ಬ್ಯಾಡ," ಅಂದ.

ಸಂಜೆ ಅವ್ವ ಮುಖ ತೊಳೆದು, ಕನಕಾಂಬರ ಮುಡಿದು, "ಇವತ್ತೂ ಓಗಾನ ನಡಿ," ಅಂದಳು.

ನಾನು ಹೊಸ್ತಿಲಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದೆ. ಬೇರೇನೂ ತೋಚಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಮುಡಿದಿದ್ದ ಹೂವು ತೆಗೆದು ನೀರಿನ ಬಿಂದಿಗೆ ಮೇಲಿಟ್ಟು ಹರಳೆಣ್ಣೆ ತಂದಳು. ಮೂಗು ಹಿಡಿದು ಕುಡಿಸಿದಳು. ಮಾರನೆಯ ದಿನ ಸಂಜೆಯೂ ಹೊಟ್ಟೆನೋವು, ಹರಳೆಣ್ಣೆ. ಹೀಗೆ ನಾಲ್ಕು ದಿನ. ನಾಲ್ಕು ದಿನದ ಹರಳೆಣ್ಣೆ ಏನು ಮಾಡುತ್ತದೆ ಎಂದು ನಿಮಗೆ ಬಿಡಿಸಿ ಹೇಳುವುದಿಲ್ಲ. ಬೇಲಿ ಕಡೆ ಓಡುವಾಗಲೂ ನನಗೆ ಒಳಗೊಳಗೇ ಹೆಮ್ಮೆ. ಕುದುರೆ ಇಲ್ಲದಿದ್ದರೇನು, ನಾನೂ ಒಬ್ಬರನ್ನು ಕಾಪಾಡುತ್ತಿದ್ದೆ. ಅಣ್ಣ ಸಿನಿಮಾದಲ್ಲಾದರೂ ಮನೆಗೆ ಬಂದಿದ್ದ. ಅವಳು ಮತ್ತೆ ಹೋಗಿ ಅವನನ್ನು ಇನ್ನೊಂದು ಸಲ ಮುಳುಗಿಸಿಕೊಂಡು ಬರಬಾರದಿತ್ತು.

ಅವ್ವ ಆ ಕತೆಯನ್ನು ಸಾಯುವವರೆಗೂ ಹೇಳಿದಳು. ನನ್ನ ಮಗಳಿಗೆ ಹೇಳಿದಳು, ಅಕ್ಕಪಕ್ಕದ ಮಕ್ಕಳಿಗೆಲ್ಲ ಹೇಳಿದಳು. ಯಾವಾಗಲೂ ಹುಡುಗ ಮನೆಗೆ ಬಂದು ಉಣ್ಣುವಲ್ಲಿಗೆ ಮುಗಿಯುತ್ತಿತ್ತು. ಮೊದಲು ಅವನು ಉಣ್ಣುತ್ತಿದ್ದದ್ದು ಮುದ್ದೆ. ನಮ್ಮ ಮನೆಗೆ ಗ್ಯಾಸು ಬಂದ ಮೇಲೆ ಒಬ್ಬಟ್ಟು, ಕೇಸರಿಬಾತು ಎಲ್ಲ ಸೇರಿಕೊಂಡವು. ಅವಳು ಹೋದ ಮೇಲೆ ನಾನೂ ಹಾಗೆಯೇ ಹೇಳಿದೆ.

ಆದರೆ ನೋಡಬೇಕು ಅನ್ನುವ ಆಸೆ ಹೋಗಲಿಲ್ಲ. ಮದುವೆಯಾಗಿ ಯಶವಂತಪುರಕ್ಕೆ ಬಂದ ಮೇಲೆ ಅಲ್ಲಿಯ ಟಾಕೀಸಿನ ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದಾಗಲೆಲ್ಲ, ತರಕಾರಿ ಚೀಲ ಕೆಳಗಿಟ್ಟು, ಕುದುರೆ ಇದೆಯಾ ಎಂದು ನೋಡುತ್ತಿದ್ದೆ. ಬೇರೆ ಬೇರೆ ಕುದುರೆಗಳು ಬಂದವು. ಅದು ಬರಲಿಲ್ಲ. ಆ ಮರಳು, ಪಕ್ಕದಲ್ಲಿ ಬಿಸಿಯಾದ ಅವ್ವನ ತೊಡೆ, ಅವಳ ಸೆರಗಿನ ಸೌದೆ ಹೊಗೆ. ಇವಿಷ್ಟು ಸಿನಿಮಾದೊಳಗೇ ಎಲ್ಲೋ ಉಳಿದಿರುತ್ತವೆ, ಹಾಕಿದರೆ ಬರುತ್ತವೆ ಎಂದು ನನ್ನ ಲೆಕ್ಕ. ದಡ್ಡ ಲೆಕ್ಕ. ಆದರೆ ಐವತ್ತು ವರ್ಷದ ಮೇಲಾಯಿತು, ಬಿಟ್ಟಿಲ್ಲ.

ಮರಳಿನ ಮೇಲೆ ಕೂತಿದ್ದ ಸುದ್ದಿ ಸಿಂಧುವಿಗೂ ಮುಟ್ಟಿತು. ಅವಳು ಮತ್ತಿಕೆರೆಯಲ್ಲಿ ಕಾಲೇಜು ಓದುವುದು. ಈ ಸಿನಿಮಾವನ್ನು ಫೋನಿನಲ್ಲಿ ಎಷ್ಟೋ ಸಲ ಹುಡುಕಿ ಸೋತಿದ್ದಾಳೆ. ಭಾನುವಾರ ಮಧ್ಯಾಹ್ನ ಮತ್ತೆ ಕೂತು ಹುಡುಕಿದಳು. ಸಿಕ್ಕಿತು ಅನ್ನಲಿಲ್ಲ, ಹುಬ್ಬು ಗಂಟಿಕ್ಕಿಕೊಂಡು ಬಂದಳು.

"ಅಜ್ಜಿ, ಒಂದಿದೆ. ಕುದುರೆ, ಕೋಟೆ, ಹೆಬ್ಬಾವು, ಎಲ್ಲಾ ಸೇಮ್. ಆದ್ರೆ ಲಾಸ್ಟಲ್ಲಿ ಹುಡುಗ ಸತ್ತೋಗ್ತಾನೆ. ನಿಂದು ಬೇರೆ ಪಿಕ್ಚರ್ ಇರ್ಬೇಕು ಬಿಡು."

"ಅದೇಯ. ಹಾಕು," ಅಂದೆ.

ಟೀವಿಗೆ ಹಾಕಿದಳು. ಹಿಂದುಮುಂದಾಗದೆ ಸರಿಯಾದ ಸಾಲಿನಲ್ಲಿ ನೋಡಿದ್ದು ಇದೇ ಮೊದಲು. ಮರಳು ಬರಲಿಲ್ಲ, ಹೊಗೆಯೂ ಬರಲಿಲ್ಲ. ಕುದುರೆಯೇನೋ ಅದೇ, ಆದರೆ ಅಷ್ಟು ಬೆಳ್ಳಗಿರಲಿಲ್ಲ. ನಡುವೆ ಹುಡುಗ ಮನೆಗೆ ಬಂದ, ಉಣ್ಣಲು ಕೂತ. ಅವನು ಉಣ್ಣುತ್ತಿರುವಾಗಲೇ ತಾಯಿ ಸೂಜಿ ದಾರ ತೆಗೆದು, ಅವನ ಅಂಗಿಯ ಹರಿದ ಭುಜಕ್ಕೆ ಒಂದು ಚೌಕುಳಿ ಬಟ್ಟೆಯ ತೇಪೆ ಹಾಕುತ್ತಾಳೆ. ಮೈ ಮೇಲಿದ್ದ ಹಾಗೆಯೇ ಹೊಲಿದು, ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡುತ್ತಾಳೆ. ಇದು ನನಗೆ ನೆನಪೇ ಇರಲಿಲ್ಲ. ನಾನು ಕುದುರೆ ನೋಡುತ್ತಿದ್ದೆನೋ ಏನೋ. ಹುಡುಗ ಮತ್ತೆ ಹೊರಟ. ಹೊಳೆ ಬಂತು. ಹಗ್ಗ ಕಟ್ಟಲು ಬಗ್ಗಿದಾಗ ಭುಜ ಇಷ್ಟಗಲ ಕಂಡಿತು. ಅದರ ಮೇಲೆ ಆ ತೇಪೆ.

ನಿಲ್ಲಿಸು ಅಂದೆ. ಸಿಂಧು ನಿಲ್ಲಿಸಿದಳು. ಟೀವಿಯ ಹತ್ತಿರ ಹೋಗಿ ನೋಡಿದೆ.

ಅವ್ವ ಇದನ್ನು ಕಂಡಿರುತ್ತಾಳೆ. ನನ್ನ, ಅಣ್ಣನ ಬಟ್ಟೆಯಲ್ಲಿ ಯಾವ ತೇಪೆ ಯಾವ ಹಳೇ ಸೀರೆಯದು ಎಂದು ಬಾಯಿಪಾಠ ಹೇಳುತ್ತಿದ್ದವಳು ಅವಳು. ಅವತ್ತು ಟೆಂಟಿನಲ್ಲಿ ಮೊದಲು ಮುಳುಗಿದ ಹುಡುಗನ ಭುಜದಲ್ಲಿ ತೇಪೆ ಇತ್ತು. ಆಮೇಲೆ ಮನೆಗೆ ಬಂದವನಿಗೆ ತಾಯಿ ಅದೇ ತೇಪೆಯನ್ನು ಆಗ ಹಾಕುತ್ತಿದ್ದಾಳೆ. ಯಾವುದು ಮುಂಚೆ, ಯಾವುದು ಆಮೇಲೆ ಎಂದು ತಿಳಿಯಲು ಅವಳಿಗೆ ಅಕ್ಷರ ಬೇಕಿರಲಿಲ್ಲ, ಆಪರೇಟರೂ ಬೇಕಿರಲಿಲ್ಲ. ಅಲ್ಲೇ ಮರಳಲ್ಲಿ ಕೂತಿದ್ದಾಗಲೇ ಗೊತ್ತಾಗಿದೆ. ಗೊತ್ತಾಗಿಯೂ ಮನೆಗೆ ಬಂದು ಕೂತು ಉಂಡಿದ್ದಾಳೆ.

ಇನ್ನೊಂದು ಈಗ ಹೊಳೆಯಿತು. ಐದನೆಯ ದಿನ ಪೆಟ್ಟಿಗೆ ತಳ್ಳಲೂ ಹೋಗದೆ, ಸಂಜೆಯೂ ನಾನು ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಅವ್ವ ಹರಳೆಣ್ಣೆ ತರಲಿಲ್ಲ. ಒಲೆ ಊದುತ್ತಾ, ಇತ್ತ ತಿರುಗದೆ, "ಏಳು, ಬ್ಯಾರೆ ಸಿನ್ಮಾ ಬಂದದೆ," ಅಂದಳು. ಹೊಸ ಸಿನಿಮಾಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡು ಎದ್ದು ಕೂತಿದ್ದೆ.

ಹಾಗಾದರೆ ಅವಳು ಮತ್ತೆ ಹೋಗಲು ಹೂವು ಮುಡಿದದ್ದು ಕೊನೆ ನೋಡಲಿಕ್ಕಲ್ಲ. ಕೊನೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಹುಡುಗ ಉಣ್ಣುವುದನ್ನು ಇನ್ನೊಂದು ಸಲ ನೋಡಬೇಕಿತ್ತು, ಅಷ್ಟೇ. ನಾನು ಹೆದರಿದ್ದು ಕಂಡು ಅದನ್ನೂ ಬಿಟ್ಟಳು. ಸುಳ್ಳು ಹೇಳಿ ಅವ್ವನನ್ನು ಉಳಿಸಿದವಳು ನಾನು ಎಂದು ಇಷ್ಟು ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದೆನಲ್ಲ. ನನ್ನ ಸುಳ್ಳನ್ನು ಹಿಡಿದು, ಅದಕ್ಕೆ ನಾಲ್ಕು ದಿನ ಎಣ್ಣೆಯನ್ನೂ ಕುಡಿಸಿ, ಒಂದು ದಿನವೂ ಬಾಯಿ ಬಿಡಲಿಲ್ಲ ಆ ಹೆಂಗಸು. ಕೇಳೋಣ ಅಂದರೆ ಈಗ ಎಲ್ಲಿದ್ದಾಳೆ.

ಮುಂದಕ್ಕೆ ಹಾಕಲಾ ಎಂದು ಸಿಂಧು ಕೇಳಿದಳು. ಬೇಡ, ಹಿಂದಕ್ಕೆ ಹೋಗು, ಅವನು ಉಣ್ಣುವಲ್ಲಿಗೆ ಹಾಕು ಅಂದೆ. ಹಾಕಿದಳು. ಇನ್ನೊಂದು ಸಲ ಅಂದೆ. ಅವಳು ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ, ಅವರಪ್ಪನ ಮಗಳು. ಒಟ್ಟು ನಾಲ್ಕು ಸಲ ಹಾಕಿಸಿದೆ, ಟೆಂಟಿನಲ್ಲಿ ತಪ್ಪಿಸಿದ ಒಂದೊಂದು ಸಂಜೆಗೂ ಒಂದರಂತೆ. ಆಮೇಲೆ ಟೀವಿ ಆರಿಸಲು ಹೇಳಿ, ಅನ್ನಕ್ಕಿಡಲು ಒಳಗೆ ಹೋದೆ.