ಸ್ಕ್ರೂ ಬಿಚ್ಚದ ರಿಪೇರಿ

ಲ್ಯಾಪ್‌ಟಾಪ್ ರಿಪೇರಿ ಅಕ್ಕನದು ಒಂದೇ ಹಟ. ಯಂತ್ರ ತಂದವರು ಮನೆಯಲ್ಲಿ ಮಾಡುವಂತೆಯೇ ಎದುರಿಗೆ ಮಾಡಿ ತೋರಿಸುವ ತನಕ ಆಕೆ ಸ್ಕ್ರೂ ಮುಟ್ಟುವುದಿಲ್ಲ. ಆ ಹಟದಿಂದಲೇ ಎಷ್ಟೋ ಯಂತ್ರಗಳು ಹೊಟ್ಟೆ ಬಿಚ್ಚಿಸಿಕೊಳ್ಳದೆ ಮನೆಗೆ ಮರಳಿವೆ.

ಅಂದು ವಕೀಲರೊಬ್ಬರು ಲ್ಯಾಪ್‌ಟಾಪ್ ಹಿಡಿದು ಮುಖ ಗಂಟು ಹಾಕಿಕೊಂಡು ಬಂದರು. ಕಕ್ಷಿದಾರರ ಗುಟ್ಟು ಕಾಯಲೆಂದು ಅದರಲ್ಲಿ ಭಾರೀ ಭದ್ರತೆಯ ಸಿಸ್ಟಮ್ ಹಾಕಿಸಿಕೊಂಡಿದ್ದರು. ಈಗ ಪೆನ್‌ಡ್ರೈವ್ ಚುಚ್ಚಿದರೆ ಅದು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

"ಪೋರ್ಟ್ ಸತ್ತಿದೆ, ಬೋರ್ಡೇ ಬದಲಾಯಿಸ್ಬೇಕು ಅಂತ ಎರಡು ಅಂಗಡಿಯವರು ಹೇಳಿಬಿಟ್ರಮ್ಮಾ."

"ಅವರ ತಲೆ! ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ, ಸಾರ್."

ವಕೀಲರು ಪೆನ್‌ಡ್ರೈವ್ ಚುಚ್ಚಿದರು. ಆಮೇಲೆ ಪಾಸ್‌ವರ್ಡ್ ಒತ್ತಿ ಲಾಕ್ ತೆಗೆದರು. ಪರದೆಯ ಮೇಲೆ ಏನೂ ಕಾಣಲಿಲ್ಲ.

ಅಕ್ಕ ಪೆನ್‌ಡ್ರೈವ್ ಕಿತ್ತು, ಲಾಕ್ ತೆಗೆದಿದ್ದಾಗಲೇ ಮತ್ತೆ ಚುಚ್ಚಿದಳು. ಕಡತಗಳೆಲ್ಲ ಸಾಲಾಗಿ ಮೂಡಿದವು.

"ಲಾಕ್ ಇದ್ದಾಗ ಯಾರು ಏನು ಚುಚ್ಚಿದ್ರೂ ಇದು ಒಳಗೆ ಬಿಡಲ್ಲ, ಆಮೇಲೆ ಲಾಕ್ ತೆಗೆದ್ರೂ ಅಷ್ಟೇ, ಸಾರ್. ಕಳ್ಳರಿಗೆ ಅಂತ ಇಟ್ಟ ಕಾವಲು. ಮೊದಲು ಲಾಕ್ ತೆಗೀರಿ, ಆಮೇಲೆ ಚುಚ್ಚಿ."

ವಕೀಲರು ಪೆಚ್ಚಾದರು. "ಹಾಗಾದ್ರೆ ಕೆಟ್ಟಿದ್ದೇನು?"

"ಏನೂ ಕೆಟ್ಟಿಲ್ಲ. ನಿಮ್ಮನ್ನೇ ನಂಬ್ಲಿಲ್ಲ ಅಂದ್ರೆ, ಅದು ಸರಿಯಾಗೇ ಕೆಲಸ ಮಾಡ್ತಿದೆ."